ಅಟ್ಟದ ಕೊಬ್ಬರಿಯೂ ಮನೆಯ ಬೆಂಕಿಯೂ

ಅರಸೀಕೆರೆ ಸೀಮೆಯಲ್ಲಿ ಉಂಡೆ ಕೊಬ್ಬರಿಯನ್ನು ಮಾಡತಕ್ಕ ಕ್ರಮವು ಸರ್ವರಿಗೂ ತಿಳಿದದ್ದೇ. ಬಲಿತ ಕಾಯಿಗಳನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ, ಕೊಬ್ಬರಿಯು ಕರಟವನ್ನು ಬಿಟ್ಟು ಅಲ್ಲಾಡುವವರೆಗೆ 8ರಿಂದ 12 ತಿಂಗಳ ಕಾಲ ಹಾಗೆಯೇ ಬಿಡುವರು. ಅಂದರೆ ಒಂದು ವರ್ಷದ ಫಸಲು ವರ್ಷ ಪರ್ಯಂತ ಮನೆಯವರ ತಲೆಯ ಮೇಲೆಯೇ ಇರುತ್ತದೆ. 2025ನೆಯ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಕನಿಷ್ಠ ಬೆಂಬಲ ಬೆಲೆಯು ಕ್ವಿಂಟಾಲಿಗೆ 12,100 ರೂಪಾಯಿ. ಅಟ್ಟದಲ್ಲಿ 10 ಕ್ವಿಂಟಾಲು ಆಗುವಷ್ಟು ಕಾಯಿ ಇದ್ದರೆ ಈ ದರದಲ್ಲಿ 1,21,000 ರೂಪಾಯಿ ಆಯಿತು. ಈ ಐಶ್ವರ್ಯದ ಕೆಳಗೇ ಒಲೆಯು ಉರಿಯುತ್ತಿರುವ ಮನೆಗಳು ಇಂದಿಗೂ ಉಂಟು.

ಒಣಗಿದ ಸಿಪ್ಪೆಯ ನಾರು ಕಿಡಿಯನ್ನು ಹಿಡಿದರೆ ಕೂಡಲೇ ಭುಗಿಲೇಳುವುದಿಲ್ಲ. ಗಂಟೆಗಟ್ಟಲೆ ಒಳಗೊಳಗೇ ಕೆಂಡವಾಗಿ ಸಾಗಿ, ಗಾಳಿ ಸಿಕ್ಕಿದೊಡನೆ ಜ್ವಾಲೆಯಾಗುತ್ತದೆ. ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಎಣ್ಣೆಯೇ ಇರುವುದರಿಂದ ಆಮೇಲೆ ಅದನ್ನು ಆರಿಸುವುದು ಬಹು ಪ್ರಯಾಸ. ಹಸಿ ಉಳಿದ ಕೊಬ್ಬರಿಯನ್ನು ರಾಶಿಹಾಕಿದರೆ ಅದು ತಾನಾಗಿಯೇ ಕಾವೇರುವ ಸ್ವಭಾವವುಳ್ಳದ್ದು. ಹಡಗುಗಳಲ್ಲಿ ಸಾಗಿಸುವಾಗ ಕೊಬ್ಬರಿಯನ್ನು ತಾನೇ ಹೊತ್ತಿಕೊಳ್ಳಬಹುದಾದ ಸರಕುಗಳ ವರ್ಗಕ್ಕೆ ಸೇರಿಸಿರುವುದು ಇದೇ ಕಾರಣದಿಂದ. ಆದಕಾರಣ ಸುಲಿದ ಕೊಬ್ಬರಿಯನ್ನು ತೇವವು ನೂರಕ್ಕೆ 6ಕ್ಕೆ ಇಳಿಯುವವರೆಗೂ ಒಣಗಿಸಿದ ಹೊರತು ಚೀಲಗಳಿಗೆ ತುಂಬತಕ್ಕದ್ದಲ್ಲ. ಅಟ್ಟವನ್ನು ಅಡಿಗೆಮನೆಯಿಂದಲೂ ಬಚ್ಚಲೊಲೆಯಿಂದಲೂ ಬೇರ್ಪಡಿಸಿ, ತೋಟದ ಕಡೆಗೆ ಪ್ರತ್ಯೇಕ ಕೊಠಡಿಯನ್ನು ಕಟ್ಟಿಸಿಕೊಳ್ಳುವುದೇ ಉತ್ತಮ. ಅನುಕೂಲವಿಲ್ಲದವರು ಒಲೆಯ ನೇರಕ್ಕೆ ಮೇಲಿರುವ ಅಟ್ಟದ ಭಾಗವನ್ನಾದರೂ ಖಾಲಿ ಬಿಟ್ಟು, ಅದರ ಕೆಳಮೈಗೆ ತಗಡು ಹೊಡೆಸಬೇಕು.

ಬೆಂಕಿಯ ಕೈಗೆ ಸಿಕ್ಕಿದ್ದು ಬಡವರ ಗುಡಿಸಲು ಮಾತ್ರವಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಮಹಾದ್ವಾರವು ಸುಟ್ಟುಹೋಗಿದ್ದು, 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು ಅದರ ಗೋಪುರವನ್ನು ಮತ್ತೆ ಕಟ್ಟಿಸಿದನು. ಮೈಸೂರಿನ ಮರದ ಅರಮನೆಯು 1897ರಲ್ಲಿ ರಾಜಕುಮಾರಿಯ ವಿವಾಹಕಾಲದಲ್ಲಿ ಉರಿದುಹೋಗಿ, ಹೊಸದು 1912ರಲ್ಲಿ ಪೂರ್ತಿಯಾಯಿತು. ಅರಸರಿಗೆ ಮತ್ತೆ ಕಟ್ಟಿಸುವ ಶಕ್ತಿ ಇತ್ತು. ಅಟ್ಟದ ಕಾಯಿಯನ್ನೇ ನಂಬಿ ಮಗಳ ಮದುವೆ ಗೊತ್ತುಮಾಡಿಕೊಂಡ ರೈತನಿಗೆ ಅದು ಎಲ್ಲಿಂದ ಬರಬೇಕು?

ಬೂದಿಯ ವಿಷಯದಲ್ಲಿ ಜನರ ಉದಾಸೀನವು ಆಶ್ಚರ್ಯಕರವಾದದ್ದು. ಬೆಳಿಗ್ಗೆ ಬಚ್ಚಲೊಲೆಯಿಂದ ಬಾಚಿದ ಬೂದಿಯಲ್ಲಿ ಸಿಪ್ಪೆಯ ಕೆಂಡವು ಮಾರನೆಯ ದಿನದವರೆಗೂ ಜೀವ ಹಿಡಿದಿರಬಲ್ಲದು. ಅದನ್ನು ತಿಪ್ಪೆಗೆ ಚೆಲ್ಲುವರು. ತಿಪ್ಪೆಯ ಪಕ್ಕದಲ್ಲೇ ರಾಗಿಹುಲ್ಲಿನ ಮೆದೆ. ಮೆದೆಗೆ ತಾಗಿಕೊಂಡೇ ದನದ ಕೊಟ್ಟಿಗೆ. ಮಾಘ ಫಾಲ್ಗುಣಗಳ ಗಾಳಿಗೆ ಇಷ್ಟೇ ಸಾಕು. ಬೂದಿಗೆ ನೀರು ಚಿಮುಕಿಸಿ ಕದಡಿದ ಮೇಲೆಯೇ ಹೊರಗೆ ಹಾಕಬೇಕು. ಮೆದೆಯನ್ನು ಮನೆ ಕೊಟ್ಟಿಗೆಗಳಿಂದ ಸಾಕಷ್ಟು ದೂರದಲ್ಲಿಯೂ, ವಿದ್ಯುತ್ ತಂತಿ ಹಾದುಹೋಗದ ಜಾಗದಲ್ಲಿಯೂ ಒಟ್ಟಬೇಕು. ಹುಲ್ಲನ್ನು ಎತ್ತರಕ್ಕೆ ಹೇರಿಕೊಂಡು ಬರುವ ಟ್ರಾಕ್ಟರುಗಳು ತಂತಿಗೆ ತಗುಲಿ ಹೊತ್ತಿಕೊಳ್ಳುವ ಸುದ್ದಿಯು ಸುಗ್ಗಿಯಲ್ಲಿ ಪದೇ ಪದೇ ಬರುತ್ತದೆ. ಜೋತುಬಿದ್ದ ತಂತಿಗಳನ್ನು ಗ್ರಾಮದ ಹಿರಿಯರು ಸುಗ್ಗಿಗೆ ಮೊದಲೇ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಗಮನಕ್ಕೆ ಬರೆದು ತಿಳಿಸುವುದು ಯುಕ್ತ.

ಬೇಲೂರು ಹಳೇಬೀಡುಗಳ ಕಡೆ, ಮಳೆಗೆ ಸಿಕ್ಕಿದ ಭತ್ತದ ಹುಲ್ಲನ್ನು ಅರೆಹಸಿಯಾಗಿಯೇ ಒಟ್ಟುವುದರಿಂದ ಮತ್ತೊಂದು ಅಪಾಯವುಂಟು. ಹಸಿ ಹುಲ್ಲಿನೊಳಗೆ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಕಾವು ಹುಟ್ಟಿ, ಮೆದೆಯ ಗರ್ಭದಲ್ಲಿ 70 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತೆಂದರೆ ಅಲ್ಲಿಂದ ಮುಂದೆ ಅದು ತಾನೇ ಹೊತ್ತಿಕೊಳ್ಳಬಹುದು. ಮೊದಲ ಆರು ವಾರಗಳಲ್ಲಿ ಉದ್ದನೆಯ ಕಬ್ಬಿಣದ ಸರಳನ್ನು ಮೆದೆಯೊಳಕ್ಕೆ ಚುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಹಿರಿದು ನೋಡತಕ್ಕದ್ದು. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಮೆದೆಯನ್ನು ಬಿಚ್ಚಲೇಬೇಕು. ಆದರೆ ನೀರನ್ನು ಸಿದ್ಧಮಾಡಿಕೊಳ್ಳದೆ ಬಿಚ್ಚಬಾರದು, ಗಾಳಿ ಹೊಕ್ಕೊಡನೆ ಉರಿ ಏಳುವ ಸಂಭವವಿದೆ.

2016ರಲ್ಲಿ ಉಜ್ವಲ ಯೋಜನೆಯು ಪ್ರಾರಂಭವಾದಂದಿನಿಂದ ಬಡವರ ಮನೆಗಳಿಗೂ ಅನಿಲದ ಒಲೆ ಬಂದಿದೆ. ಈ ಅನಿಲವು ಗಾಳಿಗಿಂತ ಭಾರವಾದದ್ದರಿಂದ ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಮುಟ್ಟದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆಯಬೇಕು. ವಿದ್ಯುತ್ತಿನ ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿಯನ್ನು ಸುತ್ತುವುದು, ಇಲಿ ಕಡಿದ ವೈರನ್ನು ಅಟ್ಟದಲ್ಲಿ ಹಾಗೆಯೇ ಬಿಡುವುದು, ಇವೆರಡೂ ಬೆಂಕಿಗೆ ಕೊಟ್ಟ ಆಹ್ವಾನವೇ ಸರಿ.

ಇನ್ನು ಹೊಗೆಯನ್ನು ಕಂಡುಹಿಡಿದು ಕೂಗುವ ಸ್ಮೋಕ್ ಅಲಾರಂ ಎಂಬ ಸಣ್ಣ ಯಂತ್ರದ ವಿಚಾರ. ಮಲಗಿದವರನ್ನು ಕೊಲ್ಲುವುದು ಹೆಚ್ಚಾಗಿ ಜ್ವಾಲೆಯಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ರಿಸುವವನಿಗೆ ಎಚ್ಚರವೇ ಆಗುವುದಿಲ್ಲ. ಈ ಯಂತ್ರಗಳಲ್ಲಿ ಎರಡು ಬಗೆಯುಂಟು. ಬೆಳಕಿನ ಕಿರಣದಿಂದ ಹೊಗೆಯನ್ನರಿಯುವ ಬಗೆಯು ಒಳಗೇ ಕನಲುವ ಬೆಂಕಿಯನ್ನು ಬೇಗ ಗುರುತಿಸುವುದರಿಂದ ಕಾಯಿ ಅಟ್ಟವಿರುವ ಮನೆಗೆ ಅದೇ ತಕ್ಕದ್ದು. ಆದರೆ ಸೌದೆಯೊಲೆಯ ಬಳಿ ಇದನ್ನು ಹಾಕಿಸಿದವರು ದಿನಕ್ಕೆ ಎರಡು ಬಾರಿ ಅದರ ಅರಚಾಟವನ್ನು ಕೇಳಿ ಬೇಸತ್ತು, ಬ್ಯಾಟರಿಯನ್ನು ಕಿತ್ತು ಮಕ್ಕಳ ಆಟದ ಸಾಮಾನಿಗೆ ಹಾಕುವರು. ಯಂತ್ರವು ಗೋಡೆಯ ಮೇಲೆ ಇರುತ್ತದೆ, ಕೆಲಸಕ್ಕೆ ಬಾರದು. ಅಡಿಗೆಮನೆಗೆ ಶಾಖದಿಂದ ಮಾತ್ರ ಕೂಗುವ ಬಗೆಯನ್ನು ಹಾಕಿ, ಹೊಗೆಯ ಯಂತ್ರವನ್ನು ಒಲೆಯಿಂದ 10 ಅಡಿಗಾದರೂ ಆಚೆ, ಜನರು ಮಲಗುವ ನಡುಮನೆಯಲ್ಲಿ ಹಾಕಿಸಬೇಕು. ಹೆಂಚಿನ ಮಾಡಾದರೆ ನೆತ್ತಿಯ ಮೂಲೆಗೆ ತುರುಕದೆ 4 ಅಂಗುಲ ಕೆಳಗೆ ಕಟ್ಟತಕ್ಕದ್ದು. ತಿಂಗಳಿಗೊಮ್ಮೆ ಗುಂಡಿಯೊತ್ತಿ ಪರೀಕ್ಷಿಸಿ, ಜೇಡರ ಬಲೆ ಧೂಳುಗಳನ್ನು ತೆಗೆದು, ವರ್ಷಕ್ಕೊಮ್ಮೆ ಬ್ಯಾಟರಿಯನ್ನು ಬದಲಾಯಿಸಬೇಕು. ನಡುನಡುವೆ ಚಿಕ್ಕದಾಗಿ ಕೀಚುಗುಟ್ಟಿದರೆ ಬ್ಯಾಟರಿ ಮುಗಿಯಿತೆಂದು ಅರ್ಥ. 10 ವರ್ಷವಾದ ಯಂತ್ರವನ್ನು, ಅದು ಕೂಗುತ್ತಿದ್ದರೂ ಸಹ, ತೆಗೆದುಹಾಕಿ ಹೊಸದನ್ನು ಕೂರಿಸಬೇಕು.

ಬೆಂಕಿ ಬಿದ್ದಾಗ ಮೊದಲು ಜನರನ್ನೂ ಆಮೇಲೆ ಕಣ್ಣಿಯ ದನಗಳನ್ನೂ ಬಿಡಿಸಿ, 112 ಅಥವಾ 101ಕ್ಕೆ ದೂರವಾಣಿ ಮಾಡಬೇಕು. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನವು ಹಳ್ಳಿಗೆ ಬರುವಷ್ಟರಲ್ಲಿ ಹೊತ್ತಾಗುವುದು ಸಹಜ. ಕೊಳವೆಬಾವಿಯ ಮೋಟಾರನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ಬೆಂಕಿ ಬಿದ್ದೊಡನೆ ಮೊದಲು ಕಡಿಸತಕ್ಕದ್ದು ವಿದ್ಯುತ್ತನ್ನೇ. ಆದ್ದರಿಂದ ಪಂಚಾಯತಿಯ ಮುಖಂಡರು ಪ್ರತಿಯೊಂದು ಕೇರಿಯಲ್ಲಿಯೂ ಕೈಯಿಂದ ಮೊಗೆಯಬಹುದಾದ ಒಂದು ತೊಟ್ಟಿಯನ್ನು ಶಿವರಾತ್ರಿಯಿಂದ ಮುಂಗಾರಿನವರೆಗೆ ತುಂಬಿಸಿ ಇಡಿಸಿ, ಅದರ ಪಕ್ಕದಲ್ಲಿ ಹತ್ತು ಬಕೆಟ್ಟುಗಳನ್ನೂ ಒಂದು ಏಣಿಯನ್ನೂ ಬೀಗ ಹಾಕದೆ ಇಡಿಸತಕ್ಕದ್ದು.