ನೆತ್ತಿಯೇ ಕಿಟಕಿ!

ಮಕ್ಕಳೇ, ಎಳೆಯ ಪಾಪುವಿಗೆ ಎಣ್ಣೆ ಹಚ್ಚುವುದನ್ನು ನೋಡಿದ್ದೀರಾ? ನೆತ್ತಿಯ ಬಳಿ ಬಂದಾಗ ಅಜ್ಜಿ ಕೈ ಹಗುರ ಮಾಡುತ್ತಾರೆ. "ಅಲ್ಲಿ ಒತ್ತಬೇಡಿ, ನೆತ್ತಿ ಇನ್ನೂ ಕೂಡಿಲ್ಲ" ಎಂದು ನಮಗೂ ಹೇಳುತ್ತಾರೆ. ಹತ್ತಿರದಿಂದ ನೋಡಿದರೆ ಆ ಜಾಗ ಮೆಲ್ಲಗೆ ಮಿಡಿಯುವುದು ಕಾಣುತ್ತದೆ.

ನಮ್ಮ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳು ಸೇರಿ ಆದದ್ದು. ಹುಟ್ಟಿದಾಗ ಅವು ಪೂರ್ತಿ ಕೂಡಿಕೊಂಡಿರುವುದಿಲ್ಲ. ನೆತ್ತಿಯ ಮುಂಭಾಗದಲ್ಲಿ ಗಾಳಿಪಟದ ಆಕಾರದ ಒಂದು ತೆರಪು ಇರುತ್ತದೆ. ಅಲ್ಲಿ ಮೂಳೆ ಇಲ್ಲ, ಗಟ್ಟಿಯಾದ ಪೊರೆ ಮತ್ತು ಚರ್ಮ ಮಾತ್ರ. ಹೆಚ್ಚಿನ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಈ ತೆರಪು ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ವೈದ್ಯರಿಗೆ ಮಿದುಳನ್ನು ನೋಡುವ ಕಿಟಕಿ!

ದಿನ ತುಂಬುವ ಮೊದಲೇ ಹುಟ್ಟಿದರೆ?

ಮಗು ತಾಯಿಯ ಗರ್ಭದಲ್ಲಿ ಸುಮಾರು 40 ವಾರ ಬೆಳೆಯುತ್ತದೆ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಕೊನೆಯ ಕೆಲವು ವಾರಗಳಲ್ಲಿ ಮಿದುಳು ಬಹಳ ವೇಗವಾಗಿ ಬೆಳೆಯುತ್ತದೆ. 28ನೇ ವಾರದಿಂದ 40ನೇ ವಾರದೊಳಗೆ ಅದರ ತೂಕ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. 24ನೇ ವಾರದಲ್ಲಿ ಬಹುಮಟ್ಟಿಗೆ ನುಣುಪಾಗಿದ್ದ ಮಿದುಳಿನ ಮೇಲ್ಮೈಯಲ್ಲಿ, ಅಕ್ರೋಟಿನ ತಿರುಳಿನಲ್ಲಿರುವಂಥ ಮಡಿಕೆಗಳು ಮೂಡುತ್ತವೆ.

ಬೇಗ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆ ಗರ್ಭದ ಹೊರಗೆ ನಡೆಯಬೇಕು. ಆ ಮಿದುಳಿನ ರಕ್ತನಾಳಗಳು ಬಹಳ ನಾಜೂಕು. ಕೆಲವೊಮ್ಮೆ ಅವು ಒಡೆದು ಒಳಗೇ ರಕ್ತಸ್ರಾವವಾಗುತ್ತದೆ. ಬಹುಪಾಲು ಇದು ಹುಟ್ಟಿದ ಮೊದಲ 3 ದಿನಗಳಲ್ಲೇ ಆಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದಿರಬಹುದು. ಹಾಗಾದರೆ ವೈದ್ಯರಿಗೆ ತಿಳಿಯುವುದು ಹೇಗೆ?

ಕಿವಿಗೆ ಕೇಳದ ಸದ್ದು

ನಮ್ಮ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳ ಸದ್ದು ಕೇಳಿಸುತ್ತದೆ. ಅದಕ್ಕಿಂತ ಹೆಚ್ಚು ಕಂಪನಗಳಿದ್ದರೆ ಅದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ಕತ್ತಲಲ್ಲಿ ಹುಳ ಹಿಡಿಯುವ ಬಾವಲಿ ಬಳಸುವುದು ಇಂಥ ಸದ್ದನ್ನೇ. ಪಾಪುವಿನ ಮಿದುಳನ್ನು ನೋಡಲು ಸೆಕೆಂಡಿಗೆ ಸುಮಾರು 50 ಲಕ್ಷದಿಂದ 1 ಕೋಟಿ ಕಂಪನಗಳ ಸದ್ದು ಬೇಕು.

ವೈದ್ಯರು ಪಾಪುವಿನ ನೆತ್ತಿಗೆ ಸ್ವಲ್ಪ ಜೆಲ್ ಹಚ್ಚುತ್ತಾರೆ. ಅದರ ಮೇಲೆ ಪ್ರೋಬ್ ಎಂಬ ಪುಟ್ಟ ಉಪಕರಣವನ್ನು ಹಗುರವಾಗಿ ಇಡುತ್ತಾರೆ. ಜೆಲ್ ಏಕೆ? ನಡುವೆ ಗಾಳಿ ಇದ್ದರೆ ಸದ್ದು ಒಳಗೆ ಹೋಗದೆ ಹಿಂದಿರುಗುತ್ತದೆ. ಗಟ್ಟಿ ಮೂಳೆಯೂ ಸದ್ದನ್ನು ತಡೆಯುತ್ತದೆ. ಅದಕ್ಕೇ ನೆತ್ತಿಯ ಕಿಟಕಿ ಬೇಕು!

ಮಿದುಳಿನೊಳಗೆ ಸದ್ದು ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುತ್ತದೆ. 5 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಎಷ್ಟು ಹೊತ್ತು? ಒಂದು ಸೆಕೆಂಡನ್ನು ಒಂದು ಲಕ್ಷ ಭಾಗ ಮಾಡಿದರೆ, ಅದರಲ್ಲಿ ಸುಮಾರು ಆರೂವರೆ ಭಾಗ! ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಜೋರಾಗಿ ಬಂತು ಎಂದು ಲೆಕ್ಕ ಹಾಕಿ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡಿಸುತ್ತದೆ.

ಬೆಳವಣಿಗೆಯೋ, ಊತವೋ?

ಪಾಪುವಿನ ತಲೆಯ ಸುತ್ತಳತೆಯನ್ನು ದಾದಿಯರು ಟೇಪಿನಿಂದ ಅಳೆಯುತ್ತಾರೆ. ತಲೆ ದೊಡ್ಡದಾದರೆ ಮಿದುಳು ಬೆಳೆಯಿತು ಎಂದೇ ಅರ್ಥವೇ? ಅಲ್ಲ. ಕೊಡವನ್ನು ಹೊರಗಿನಿಂದ ಅಳೆದರೆ ಒಳಗೇನಿದೆ ಎಂದು ತಿಳಿಯುತ್ತದೆಯೇ?

ಮಿದುಳಿನೊಳಗೆ ಕುಹರಗಳೆಂಬ ಟೊಳ್ಳು ಜಾಗಗಳಿವೆ. ಅವುಗಳಲ್ಲಿ ನೀರಿನಂಥ ದ್ರವ ಹರಿಯುತ್ತಿರುತ್ತದೆ. ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿಕೊಂಡರೆ ದ್ರವ ತುಂಬಿ ಕುಹರ ಉಬ್ಬುತ್ತದೆ. ಆಗಲೂ ತಲೆ ದೊಡ್ಡದಾಗುತ್ತದೆ. ಆದರೆ ಅದು ಬೆಳವಣಿಗೆಯಲ್ಲ, ಅಪಾಯ! ಟೇಪಿಗೆ ಕಾಣದ ಈ ವ್ಯತ್ಯಾಸ ಅಲ್ಟ್ರಾಸೌಂಡಿಗೆ ಕಾಣುತ್ತದೆ. ದ್ರವದಿಂದ ಪ್ರತಿಧ್ವನಿ ಬರುವುದಿಲ್ಲ, ಆದ್ದರಿಂದ ಕುಹರ ಚಿತ್ರದಲ್ಲಿ ಕಪ್ಪಾಗಿರುತ್ತದೆ. ಮಿದುಳಿನ ಮಡಿಕೆಗಳು ಬಿಳಿ ಗೆರೆಗಳಂತೆ ಕಾಣುತ್ತವೆ. ವಾರ ಕಳೆದಂತೆ ಗೆರೆಗಳು ಹೆಚ್ಚಿದರೆ ಮಿದುಳು ಬೆಳೆಯುತ್ತಿದೆ ಎಂದರ್ಥ.

1981ರಲ್ಲಿ ಮಾಲ್ಕಮ್ ಲೆವೀನ್ ಎಂಬ ಬ್ರಿಟನ್ನಿನ ವೈದ್ಯರು ಅಲ್ಟ್ರಾಸೌಂಡಿನಿಂದ ಅನೇಕ ಪಾಪುಗಳ ಕುಹರಗಳನ್ನು ಅಳೆದರು. ಯಾವ ವಾರದಲ್ಲಿ ಎಷ್ಟು ಅಗಲವಿರಬೇಕು ಎಂಬ ನಕ್ಷೆ ತಯಾರಿಸಿದರು. ಅಂಥ ನಕ್ಷೆಯನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಅಳತೆ ಮಿತಿಯ ಗೆರೆಯನ್ನು ದಾಟಿದರೆ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಬೇಕಾದರೆ ಹೆಚ್ಚಾದ ದ್ರವವನ್ನು ಹೊರತೆಗೆದು ಒತ್ತಡ ಇಳಿಸುತ್ತಾರೆ. ಇಲ್ಲಿ ಕೆಲವೇ ಮಿಲಿಮೀಟರುಗಳ ಲೆಕ್ಕವೂ ಮುಖ್ಯ!

ಈ ಪರೀಕ್ಷೆಯಲ್ಲಿ ಸೂಜಿ ಇಲ್ಲ, ಎಕ್ಸ್-ರೇ ಇಲ್ಲ. ಪಾಪುವನ್ನು ಬೆಚ್ಚನೆಯ ಪೆಟ್ಟಿಗೆಯಿಂದ ಎತ್ತಿಕೊಂಡು ಹೋಗಬೇಕಿಲ್ಲ, ಯಂತ್ರವನ್ನೇ ಅದರ ಬಳಿಗೆ ತರಬಹುದು. ಆದರೆ ಅತಿ ಸೂಕ್ಷ್ಮ ತೊಂದರೆಗಳು ಇದರಲ್ಲಿ ಕಾಣದೇ ಹೋಗಬಹುದು. ಆಗ ಎಂ.ಆರ್.ಐ. ಪರೀಕ್ಷೆ ಬೇಕಾಗುತ್ತದೆ. ಮುಂದೆ ಮಗು ಎಷ್ಟು ಜಾಣವಾಗುತ್ತದೆ ಎಂದು ಯಾವ ಚಿತ್ರವೂ ಹೇಳಲಾರದು. ಬೇಗ ಹುಟ್ಟಿದ ಎಷ್ಟೋ ಮಕ್ಕಳು ಚೆನ್ನಾಗಿ ಬೆಳೆದು ನಿಮ್ಮಂತೆಯೇ ಶಾಲೆಗೆ ಬರುತ್ತಾರೆ.

ಮಾಡಿ ನೋಡಿ

ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು ಚೆಂಡನ್ನು ಗೋಡೆಯ ಕಡೆಗೆ ಉರುಳಿಸಿ. ಅದು ಮರಳಿ ಬರುವವರೆಗೆ ಒಂದು, ಎರಡು ಎಂದು ಎಣಿಸಿ. ಈಗ ಆರು ಹೆಜ್ಜೆ ದೂರದಿಂದ ಉರುಳಿಸಿ ಎಣಿಸಿ. ಗೆಳೆಯನೊಬ್ಬ ಕಣ್ಣು ಮುಚ್ಚಿಕೊಂಡು ನಿಮ್ಮ ಎಣಿಕೆಯನ್ನಷ್ಟೇ ಕೇಳಲಿ. ಗೋಡೆ ಹತ್ತಿರವಿದೆಯೋ ದೂರವಿದೆಯೋ ಎಂದು ಅವನಿಗೆ ಹೇಳಲು ಸಾಧ್ಯವೇ?