ಗೆರೆಯಲ್ಲಿ ಕಂಡ ನರಕೋಶ

ವಿಜ್ಞಾನಗ್ರಂಥಗಳಲ್ಲಿನ ಚಿತ್ರಗಳನ್ನು ನಾವು ಬರಹಕ್ಕೆ ತೊಡಿಸಿದ ಒಡವೆಗಳೆಂದು ಭಾವಿಸುತ್ತೇವೆ. ಸಂಶೋಧನೆ ಮುಗಿದ ಬಳಿಕವೇ ಚಿತ್ರಕಾರನ ಕೆಲಸ ಮೊದಲಾಗುವುದೆಂಬುದು ನಮ್ಮ ಎಣಿಕೆ. ಅದು ಎಷ್ಟು ತಪ್ಪೆಂಬುದನ್ನು ಮಿದುಳಿನ ಅಧ್ಯಯನದ ಚರಿತ್ರೆ ತಿಳಿಸುತ್ತದೆ.

ಮಿದುಳಿನ ಹೋಳೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಹಿಂದೆ ಕಾಣುತ್ತಿದ್ದುದು ಬಿಡಿಸಲಾಗದ ಗೋಜಲು ಮಾತ್ರ. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿಯು ಒಂದು ಉಪಾಯವನ್ನು ಪ್ರಕಟಿಸಿದನು. ಪೊಟ್ಯಾಸಿಯಂ ಡೈಕ್ರೊಮೇಟಿನಲ್ಲಿ ನೆನೆಸಿದ ಮಿದುಳಿನ ತುಂಡನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದಾಗ, ಅಸಂಖ್ಯಾತ ಕೋಶಗಳ ನಡುವೆ ಕೆಲವು ಮಾತ್ರ, ಕೊಂಬೆರೆಂಬೆಗಳ ಸಮೇತ, ಕಪ್ಪಾಗಿ ಎದ್ದು ಕಂಡವು. ನರತಂತುಗಳೆಲ್ಲ ಒಂದರೊಳಗೊಂದು ಬೆಸೆದು ಅಖಂಡವಾದ ಜಾಲವಾಗಿವೆಯೆಂದು ಗಾಲ್ಜಿ ನಂಬಿದನು.

ಈ ವಿಧಾನದ ಫಲವನ್ನು ಸ್ಪೇನಿನ ಸಾಂತಿಯಾಗೊ ರಮೋನ್ ಈ ಕಹಾಲ್ 1887ರಲ್ಲಿ ಮಾಡ್ರಿಡ್ ನಗರದಲ್ಲಿ ಕಂಡನು. ಬಾಲ್ಯದಲ್ಲಿ ಚಿತ್ರಕಾರನಾಗಲು ಹಂಬಲಿಸಿ, ತಂದೆಯ ಒತ್ತಾಯದಿಂದ ವೈದ್ಯವಿದ್ಯೆಗೆ ಬಂದವನು ಆತ. ಗೋಜಲು ಇನ್ನೂ ದಟ್ಟವಾಗಿರದ ಭ್ರೂಣಗಳನ್ನೂ ಎಳೆಯ ಪ್ರಾಣಿಗಳನ್ನೂ ಆರಿಸಿಕೊಂಡು ಆತನು ಚಿತ್ರಿಸತೊಡಗಿದನು.

ಛಾಯಾಚಿತ್ರ ಸಾಲದೆ ಎಂದು ಓದುಗರು ಕೇಳಬಹುದು. ಕಹಾಲ್ ಆ ಕಲೆಯಲ್ಲಿಯೂ ನಿಪುಣನೇ. ಆದರೆ ಹೋಳಿಗೆ ದಪ್ಪವುಂಟು. ಮಸೂರವು ಒಮ್ಮೆಗೆ ಒಂದು ಆಳವನ್ನು ಮಾತ್ರ ಸ್ಪಷ್ಟವಾಗಿ ತೋರಿಸುತ್ತದೆ. ತಿರುಪನ್ನು ತಿರುಗಿಸುತ್ತ, ಎಳೆಯೊಂದನ್ನು ಆಳದಿಂದ ಆಳಕ್ಕೆ ಹಿಂಬಾಲಿಸಿ, ಹಲವು ಹೋಳುಗಳಲ್ಲಿ ಕಂಡುದನ್ನು ಆತನು ಒಂದೇ ಹಾಳೆಗೆ ಇಳಿಸಿದನು. ಯಾರೂ ಒಂದೇ ನೋಟದಲ್ಲಿ ಕಾಣಲಾಗದುದು ಚಿತ್ರದಲ್ಲಿ ಮೂಡಿತು. ಸಂದೇಶ ಹರಿಯುವ ದಿಕ್ಕನ್ನು ಸೂಚಿಸಲು ಬಾಣದ ಗುರುತುಗಳನ್ನೂ ಹಾಕಿದನು. ನಿರ್ಜೀವ ಹೋಳಿನಲ್ಲಿ ಆ ಹರಿವು ಕಾಣುವಂಥದಲ್ಲ. ಅದು ಆತನ ತರ್ಕದ ಫಲ.

ಎಳೆ ಇಲ್ಲಿ ಕೊನೆಗೊಂಡಿತೆ, ಮುಂದಿನದರೊಡನೆ ಬೆರೆಯಿತೆ? ಬರೆಯುವವನು 'ಬಹುಶಃ' ಎಂದು ನುಣುಚಿಕೊಳ್ಳಬಹುದು. ಗೆರೆ ಎಳೆಯುವವನು ನಿರ್ಧರಿಸಲೇಬೇಕು. 1888ರಲ್ಲಿ ಕಹಾಲ್ ಪಕ್ಷಿಗಳ ಕಿರುಮಿದುಳನ್ನು ಕುರಿತು ಬರೆದಾಗ, ತಂತುಗಳು ಬೆಸೆಯದೆ ಬಿಡಿಯಾಗಿ ಕೊನೆಗೊಳ್ಳುವುದನ್ನು ತೋರಿಸಿದನು. ಪ್ರತಿ ನರಕೋಶವೂ ಪ್ರತ್ಯೇಕವೆಂಬ ಸಿದ್ಧಾಂತಕ್ಕೆ ಇದು ಆಧಾರವಾಯಿತು.

ಆದರೆ ಚಿತ್ರ ದಾರಿತಪ್ಪಿಸಲೂಬಲ್ಲುದು. ಗಾಲ್ಜಿಯೂ ಚಿತ್ರಗಳನ್ನು ಬರೆದವನೇ. 1906ರ ನೊಬೆಲ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡಾಗಲೂ ಆತನು ತನ್ನ ಭಾಷಣದಲ್ಲಿ ಜಾಲದ ವಾದವನ್ನೇ ಎತ್ತಿಹಿಡಿದನು. 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಗಳ ನಡುವಿನ ಸಂದನ್ನು ತೋರಿಸಿತು: ಮಿಲಿಮೀಟರಿನ ಸುಮಾರು 50,000ದಲ್ಲಿ ಒಂದು ಪಾಲು. ಕೆಲವೆಡೆ ಸೂಕ್ಷ್ಮ ನಾಳಗಳ ಮೂಲಕ ನೇರ ಸಂಪರ್ಕವೂ ಉಂಟೆಂದು ಮುಂದೆ ತಿಳಿದುಬಂದರೂ, ಕಹಾಲನ ಗೆರೆ ಬಹುಮಟ್ಟಿಗೆ ನಿಜವಾಗಿತ್ತು.

ನಮ್ಮ ಶಾಲೆಗಳಲ್ಲಿ ಈರುಳ್ಳಿಯ ಪೊರೆಯನ್ನು ನೋಡಿ ಚಿತ್ರ ಬರೆಯುವ ಮಕ್ಕಳು ಪುಸ್ತಕದ ಚಿತ್ರವನ್ನು ನಕಲು ಮಾಡದೆ, ತಾವು ಕಂಡುದನ್ನೇ ಬರೆಯಲಿ. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ; ನೋಡುವ ವಿದ್ಯೆ ಅಲ್ಲಿಂದಲೇ ಆರಂಭವಾಗುತ್ತದೆ.