ಗಿರಮಿಟ್ ಕಲಸುವ ಕೈ

ರಾಣೆಬೆನ್ನೂರಿನ ಈ ತಳ್ಳುಗಾಡಿಯ ಮುಂದೆ ಸಂಜೆ ನಿಂತವರೆಲ್ಲ ಮಿರ್ಚಿಯ ಬಾಣಲೆಯನ್ನೇ ನೋಡುತ್ತಾರೆ. ನೋಡಬೇಕಾದದ್ದು ಪಕ್ಕದ ಬೋಗುಣಿಯನ್ನು, ಅದರೊಳಗೆ ಆಡುವ ಕಾಕಾನ ಕೈಯನ್ನು.

ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನ ಬಾಡಿಸಿ ಹುಣಸೆರಸ, ಬೆಲ್ಲ ಹಾಕಿ ಕುದಿಸಿದ ಗೊಜ್ಜು ಮಧ್ಯಾಹ್ನವೇ ಸಿದ್ಧ. “ಬಿಸಿ ಇದ್ದಾಗ ಹಾಕಿದ್ರ ಚುರುಮುರಿ ಸತ್ತು ಹೋಗತಾವ್ರೀ” ಎನ್ನುತ್ತಾರೆ. ಆರಿದ ಗೊಜ್ಜು ಬಿದ್ದ ಕೂಡಲೇ ಪುಠಾಣಿ ಹಿಟ್ಟು. ಹೆಚ್ಚಾದ ಹಸಿಯನ್ನು ಅದು ಹೀರುತ್ತದೆ. ಬೆರಳು ತಳದಿಂದ ಮೇಲಕ್ಕೆ ಎತ್ತುತ್ತದೆ, ಒತ್ತುವುದಿಲ್ಲ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿ ಕೊಟ್ಟಾಯಿತು. ಕಲಸಿಟ್ಟು ಮಾರುವವರನ್ನು ಕಂಡರೆ ಅವರಿಗೆ ಆಗದು. ಗಿರಾಕಿ ಎದುರಿಗೆ ನಿಂತ ಮೇಲೇ ಬೋಗುಣಿಗೆ ಕೈ.

ಮಿರ್ಚಿಯ ಬಗ್ಗೆ ಹೇಳುವುದು ಕಡಿಮೆ. ಸೀಳಿದ ಕಾಯಿ, ಕಡ್ಲಿಹಿಟ್ಟು, ಕಾದ ಎಣ್ಣೆ. ಕೈರೋದ ಬೀದಿಗಳಲ್ಲಿ ಅವರೆಕಾಳಿನಂಥ ಫಾವಾ ಕಾಳು ರುಬ್ಬಿ, ಸೊಪ್ಪು ಬೆರೆಸಿ ಕರಿದ ತಾಮಿಯಾವನ್ನು ರೊಟ್ಟಿಯೊಳಗೆ ತುಂಬಿ ಕೊಡುತ್ತಾರೆ. ಕರಿದದ್ದಕ್ಕೆ ಅಲ್ಲಿ ರೊಟ್ಟಿ ಜೊತೆಯಾದರೆ ಇಲ್ಲಿ ಚುರುಮುರಿ.

ತಮಾಷೆಯೆಂದರೆ, ಪಕ್ಕದ ಬ್ಯಾಡಗಿಯಲ್ಲೂ ಬಾಣಲೆಗೆ ಬೀಳುವುದು ಬ್ಯಾಡಗಿ ಮೆಣಸಿನಕಾಯಿಯಲ್ಲ, ಉದ್ದನೆಯ ತಿಳಿಹಸಿರು ಕಾಯಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಕಡ್ಡಿ, ಡಬ್ಬಿ ತಳಿಗಳಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅವುಗಳಿಂದ ತೆಗೆದ ಓಲಿಯೊರೆಸಿನ್ ತುಟಿಗೆ ಹಚ್ಚುವ ಬಣ್ಣದವರೆಗೂ ಹೋಗುತ್ತದೆ.

ಗಾಡಿಯ ಚರಿತ್ರೆ ಎಷ್ಟೆಂದರೆ ಕಾಕಾ ಹೇಳಿದಷ್ಟು: ಅಪ್ಪ ಬುಟ್ಟಿ ಹೊತ್ತು ಸಂತೆ ಸುತ್ತುತ್ತಿದ್ದರು, ಮಗ ಗಾಲಿ ಹಾಕಿಸಿದ. ಹೆಸರು ಕೇಳಿದರೆ, “ನಂದ್ಯಾಕ್ರೀ, ಗಿರಮಿಟ್ಟಿಂದು ಬರೀರಿ.”

ಈಗಿನ ಆರು ಪಥದ ಹೆದ್ದಾರಿ ಊರ ಹೊರಗೇ ಹಾದುಹೋಗುತ್ತದೆ. ಹಾವೇರಿ ದಾಟಿದ ಕಾರು ದಾವಣಗೆರೆಯಲ್ಲೇ ನಿಂತೀತು. ಅದಕ್ಕಿಂತ ಅವರನ್ನು ಕಾಡಿದ್ದು ಕಾಗದ. ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಬೇಡಿ, ಶಾಯಿಯಲ್ಲಿ ಸೀಸವಿದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಎಚ್ಚರಿಸಿತು. ಮಾತು ಸರಿಯೇ. ಆದರೂ ಭಾನುವಾರದ ನಮ್ಮ ಪುರವಣಿಗೆ ಸೋಮವಾರ ಸಿಗುತ್ತಿದ್ದ ಎರಡನೆಯ ಓದುಗರು ಇನ್ನಿಲ್ಲವಲ್ಲ ಎಂದು ನನಗೆ ಸಣ್ಣ ಸಂಕಟ.

ಕಾಕಾ ಸ್ಟೀಲ್ ತಾಟು ತಂದಿದ್ದಾರೆ. “ತಾಟು ತೊಳ್ಯಾಕ ಒಬ್ಬ ಹುಡುಗ ಬೇಕ್ರೀ. ಅವನ ಪಗಾರ ಮಿರ್ಚಿ ಮ್ಯಾಲ ಹಾಕಬೇಕು. ಹಾಕಿದ್ರ ನೀವ ಬರೂದಿಲ್ಲ.”